ಹೆಸರಿಲ್ಲದ ಭಯದ ಪರವಾಗಿ

ಬಿ.ಬಿ.ಸಿ.ಯ ವೈಜ್ಞಾನಿಕ ಕಥಾಸರಣಿ ‘ಡಾಕ್ಟರ್ ಹೂ’ ಆರಂಭವಾದದ್ದು 1963ರ ನವೆಂಬರ್ 23ರಂದು. 1989ರಲ್ಲಿ ನಿಂತು, 2005ರಲ್ಲಿ ಮರುಹುಟ್ಟು ಪಡೆದ ಈ ಸರಣಿಗೆ ನಮ್ಮ ಚೆನ್ನೈನಲ್ಲಿಯೂ ಅಭಿಮಾನಿಗಳಿದ್ದಾರೆ. ನಮ್ಮ ಕನ್ನಡ ಮನೆಗಳ ಮಕ್ಕಳಲ್ಲಿಯೂ ಇದ್ದಾರೆ. 2024ರ ಮೇ ತಿಂಗಳಲ್ಲಿ ಪ್ರಸಾರವಾದ ‘73 ಯಾರ್ಡ್ಸ್’ ಎಂಬ ಕಂತು ಈ ಅಭಿಮಾನಿಗಳನ್ನು ಎರಡು ಪಾಳೆಯಗಳಾಗಿ ಒಡೆಯಿತು. ಇಂಥ ಕಂತು ಬಂದು ಬಹಳ ಕಾಲವಾಗಿತ್ತೆಂದು ಕೆಲವರು ಹೊಗಳಿದರು. ಉಳಿದವರ ತಕರಾರು ಒಂದೇ: ‘ಇದು ವಿಜ್ಞಾನದ ಕಥೆಯಲ್ಲ, ದೆವ್ವದ ಕಥೆ. ಯಾವುದಕ್ಕೂ ವಿವರಣೆಯಿಲ್ಲ.’ ಈ ಎರಡನೆಯ ಪಾಳೆಯದವರೊಡನೆ ನನ್ನ ಜಗಳ.

ಕಂತಿನ ಕಥೆ ಇಷ್ಟು. ವೇಲ್ಸ್‌ನ ಕಡಲತಡಿಯ ಬಂಡೆಯೊಂದರ ಮೇಲೆ ಡಾಕ್ಟರನ ಸಂಗಾತಿ ರೂಬಿ ಇದ್ದಕ್ಕಿದ್ದಂತೆ ಒಂಟಿಯಾಗುತ್ತಾಳೆ. ಅಂದಿನಿಂದ ಒಬ್ಬ ಮುದುಕಿ ಅವಳನ್ನು ಹಿಂಬಾಲಿಸುತ್ತಾಳೆ. ಹತ್ತಿರ ಹೋದರೆ ಅಷ್ಟೇ ದೂರ ಸರಿಯುತ್ತಾಳೆ, ದೂರ ಹೋದರೆ ಅಷ್ಟೇ ಹತ್ತಿರ ಬರುತ್ತಾಳೆ. ಅಂತರ ಸದಾ ಎಪ್ಪತ್ತಮೂರು ಗಜ, ಅಂದರೆ ಸುಮಾರು 67 ಮೀಟರು. ಯಾರಾದರೂ ಆ ಮುದುಕಿಯನ್ನು ಮಾತನಾಡಿಸಿದರೆ, ಮರುಕ್ಷಣವೇ ರೂಬಿಯತ್ತ ತಿರುಗಿ ನೋಡಿ, ಹೆದರಿ ಓಡುತ್ತಾರೆ. ಅವಳನ್ನು ಸಾಕಿದ ತಾಯಿಯೂ ಓಡುತ್ತಾಳೆ. ಮುದುಕಿ ಅವರಿಗೆ ಹೇಳಿದ್ದೇನು? ಕಂತು ಕೊನೆಯವರೆಗೂ ಹೇಳುವುದಿಲ್ಲ. ಆಕೆ ಯಾರೆಂಬುದನ್ನು ತೋರಿಸುತ್ತದೆ, ಆಡಿದ ಮಾತನ್ನು ಮಾತ್ರ ಬಚ್ಚಿಡುತ್ತದೆ. ಅಭಿಮಾನಿಗಳ ಸಿಟ್ಟು ಇರುವುದು ಇಲ್ಲಿಯೇ.

ಈ ಸರಣಿಯ ಮೇಲಿನ ದೂರುಗಳಿಗೆ ದೊಡ್ಡ ಇತಿಹಾಸವಿದೆ. 1976ರಲ್ಲಿ ‘ದಿ ಡೆಡ್ಲಿ ಅಸಾಸಿನ್’ ಕಥೆಯ ಒಂದು ಭಾಗ ಡಾಕ್ಟರನ ತಲೆಯನ್ನು ನೀರಿನಲ್ಲಿ ಅದುಮಿ ಹಿಡಿದ ದೃಶ್ಯದಲ್ಲಿ ನಿಂತಿತು. ಮಕ್ಕಳು ಹೆದರುತ್ತಾರೆಂದು ನೀತಿಯ ಕಾವಲುಗಾರ್ತಿ ಮೇರಿ ವೈಟ್‌ಹೌಸ್ ಕೂಗೆಬ್ಬಿಸಿದರು, ಬಿ.ಬಿ.ಸಿ. ಕ್ಷಮೆ ಕೇಳಿತು. ಅಂದು ಅಭಿಮಾನಿಗಳು ಭಯದ ಪರವಾಗಿದ್ದರು. ಸೋಫಾದ ಹಿಂದೆ ಅವಿತು ನೋಡಿದ್ದನ್ನು ಆ ದೇಶದ ಒಂದು ತಲೆಮಾರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಇಂದು ಕಾವಲುಗಾರರು ಒಳಗಿನವರೇ. ಅವರಿಗೆ ಭಯ ಬೇಡವೆಂದಲ್ಲ. ಭಯದ ಜೊತೆಗೆ ಅದರ ರಸೀದಿಯೂ ಬೇಕು.

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಎರಡು ದಶಕ ಸವೆಸಿದವನಿಗೆ ಈ ಮನೋಭಾವ ಅಪರಿಚಿತವಲ್ಲ. ಕಡತ ಮುಚ್ಚುವುದು ಬೇರೆ, ಸತ್ಯ ತಿಳಿಯುವುದು ಬೇರೆ. ಕೊನೆಯ ಟಿಪ್ಪಣಿ ಬಿದ್ದೊಡನೆ ಎಲ್ಲರಿಗೂ ನೆಮ್ಮದಿ. ಆ ಟಿಪ್ಪಣಿ ನಿಜವೇ ಎಂದು ಮತ್ತೆ ತೆರೆದು ನೋಡುವವರು ಕಡಿಮೆ. ಅಭಿಮಾನಿಗಳು ಕೇಳುತ್ತಿರುವುದು ಅಂಥದೊಂದು ಕೊನೆಯ ಟಿಪ್ಪಣಿ. ಅದನ್ನು ಅವರು ವಿಜ್ಞಾನದ ಹೆಸರಿನಲ್ಲಿ ಕೇಳುತ್ತಿರುವುದು ನನಗೆ ಒಪ್ಪಿಗೆಯಿಲ್ಲ.

ಏಕೆಂದರೆ ವಿಜ್ಞಾನ ಹಾಗೆ ನಡೆದುಕೊಂಡಿಲ್ಲ. ನ್ಯೂಟನ್ 1687ರಲ್ಲಿ ಗುರುತ್ವಾಕರ್ಷಣೆಯ ನಿಯಮ ಕೊಟ್ಟ. ಅದರ ಕಾರಣ ಕೊಡಲಿಲ್ಲ. 1713ರ ಎರಡನೆಯ ಮುದ್ರಣದಲ್ಲಿ, ತನಗೆ ಕಾರಣ ತಿಳಿದಿಲ್ಲವೆಂದೂ ಅದಕ್ಕಾಗಿ ಕಲ್ಪನೆಯೊಂದನ್ನು ಹೆಣೆಯಲಾರೆನೆಂದೂ ಬಹಿರಂಗವಾಗಿ ಬರೆದ. ಗೊತ್ತಿದ್ದಷ್ಟನ್ನು ನಿಖರವಾಗಿ ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬಿಟ್ಟ. ಎಪ್ಪತ್ತಮೂರು ಗಜದ ಮುದುಕಿಯೂ ಹಾಗೆಯೇ. ಕಾರಣ ಮರೆಯಲ್ಲಿದೆ, ನಿಯಮ ತಪ್ಪುವುದಿಲ್ಲ. ರೂಬಿ ಅಳೆಯುತ್ತಾಳೆ, ಪರೀಕ್ಷಿಸುತ್ತಾಳೆ, ಕೊನೆಗೆ ಆ ನಿಯಮವನ್ನೇ ಆಯುಧವಾಗಿ ಬಳಸಿ ಜಗತ್ತನ್ನು ಅಣುಯುದ್ಧಕ್ಕೆ ದೂಡಲಿದ್ದ ರಾಜಕಾರಣಿಯೊಬ್ಬನನ್ನು ಓಡಿಸುತ್ತಾಳೆ. ನಿಯಮವನ್ನು ಕಥೆಯ ಅನುಕೂಲಕ್ಕೆ ಬದಲಿಸುವ ಸೋಮಾರಿ ಬರವಣಿಗೆಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಸೋಮಾರಿತನಕ್ಕೂ ಸಂಯಮಕ್ಕೂ ಇರುವ ಅಂತರ ಎಪ್ಪತ್ತಮೂರು ಗಜಕ್ಕಿಂತ ಹೆಚ್ಚಿನದು.

ಎಲ್ಲಕ್ಕೂ ವಿವರಣೆ ಇಟ್ಟುಕೊಂಡವರು ಯಾರು? ಮಂತ್ರವಾದಿಯ ಬಳಿ ಹೋಗಿ ನೋಡಿ. ಹಸು ಹಾಲು ಬತ್ತಿದ್ದೇಕೆ, ಮದುವೆ ಮುರಿದದ್ದೇಕೆ, ಮಗು ಜ್ವರದಿಂದ ಏಳದ್ದೇಕೆ, ಎಲ್ಲಕ್ಕೂ ಅವನಲ್ಲಿ ಉತ್ತರವಿದೆ. ಮಾಟ ಮಾಡಿಸಿದವರು ಯಾರೆಂಬುದೂ ಗೊತ್ತಿದೆ. ಸಾಮಾನ್ಯವಾಗಿ ಅದು ಪಕ್ಕದ ಮನೆಯ ವಿಧವೆ. ಮೂಢನಂಬಿಕೆಯ ಶಕ್ತಿ ಅದರ ನಿಗೂಢತೆಯಲ್ಲಿಲ್ಲ, ಅದರ ನಿಶ್ಚಯದಲ್ಲಿದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿದಾಗ ಅವರು ಹೂಡಿದ್ದು ಪ್ರಶ್ನೆಯನ್ನು. ಉತ್ತರಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದವರು ಎದುರು ಪಕ್ಷದವರು.

ಈ ಮಾತನ್ನು ‘ಡಾಕ್ಟರ್ ಹೂ’ ಹದಿನಾರು ವರ್ಷ ಮೊದಲೇ ಇನ್ನೊಂದು ಕಂತಿನಲ್ಲಿ ಆಡಿತ್ತು. ‘73 ಯಾರ್ಡ್ಸ್’ ಬರೆದ ರಸೆಲ್ ಟಿ. ಡೇವಿಸ್ ಅವರದೇ ‘ಮಿಡ್‌ನೈಟ್’ ಪ್ರಸಾರವಾದದ್ದು 2008ರ ಜೂನ್ 14ರಂದು. ವಜ್ರದ ಗ್ರಹವೊಂದರಲ್ಲಿ ಪ್ರವಾಸಿಗಳ ವಾಹನ ಕೆಟ್ಟು ನಿಲ್ಲುತ್ತದೆ. ಹೊರಗಿನ ಬೆಳಕು ಬಿದ್ದರೆ ಸಾವು. ಅಲ್ಲಿ ಜೀವವೇ ಇರಲಾರದೆಂದು ಪ್ರಾಧ್ಯಾಪಕನೊಬ್ಬ ಘೋಷಿಸುತ್ತಿರುವಂತೆಯೇ ಹೊರಗಿನಿಂದ ಯಾರೋ ಗೋಡೆಯನ್ನು ತಟ್ಟುತ್ತಾರೆ. ಆ ಜೀವಿ ಪ್ರಯಾಣಿಕಳೊಬ್ಬಳನ್ನು ಹೊಗುತ್ತದೆ. ಮೊದಲು ಇತರರ ಮಾತನ್ನು ಮರುನುಡಿಯುತ್ತದೆ, ಬಳಿಕ ಅವರೊಡನೆಯೇ ನುಡಿಯುತ್ತದೆ, ಕೊನೆಗೆ ಡಾಕ್ಟರನ ಮಾತನ್ನೇ ಕಸಿದುಕೊಳ್ಳುತ್ತದೆ. ಅದರ ರೂಪ ಕಾಣುವುದಿಲ್ಲ, ಹೆಸರು ತಿಳಿಯುವುದಿಲ್ಲ. 2025ರಲ್ಲಿ ‘ದಿ ವೆಲ್’ ಕಂತಿನಲ್ಲಿ ಅದು ಮರಳಿ ಬಂದಾಗಲೂ ಹೆಸರು ಸಿಗಲಿಲ್ಲ.

ಆದರೆ ‘ಮಿಡ್‌ನೈಟ್’ ನೋಡಿದವರಿಗೆ ನೆನಪಿರುವುದು ಆ ಜೀವಿಯಲ್ಲ, ಪ್ರಯಾಣಿಕರು. ಸ್ವಲ್ಪ ಹೊತ್ತಿನ ಹಿಂದೆ ನಗುತ್ತ ಹರಟಿದ್ದ ಸಭ್ಯರು, ‘ಅವಳನ್ನು ಹೊರಗೆ ಎಸೆಯೋಣ’ ಎನ್ನುತ್ತಾರೆ. ಆಮೇಲೆ ಡಾಕ್ಟರನನ್ನೇ ಎಳೆದಾಡುತ್ತಾರೆ. ಅವನು ಸರಿಯಾದ ಹೆಸರು ಹೇಳುವುದಿಲ್ಲ, ಹೆಚ್ಚು ತಿಳಿದವನಂತೆ ಮಾತನಾಡುತ್ತಾನೆ, ನಮ್ಮವನಲ್ಲ. ಅಷ್ಟು ಸಾಕು, ಅವರಿಗೆ ವಿವರಣೆ ದೊರೆಯಿತು. ಅವನನ್ನು ಉಳಿಸಲು ಪ್ರಾಣ ಕೊಡುವವಳು ಆ ವಾಹನದ ಪರಿಚಾರಕಿ. ಅವಳ ಹೆಸರೇನೆಂದು ಡಾಕ್ಟರು ಕೇಳಿದಾಗ ಒಬ್ಬರಿಗೂ ಗೊತ್ತಿರುವುದಿಲ್ಲ.

ಇದು ಕೇವಲ ಪರಗ್ರಹದ ಮಾತೆಂದು ತಿಳಿಯಬೇಡಿ. 2018ರ ಮೇ ತಿಂಗಳಲ್ಲಿ ಚೆನ್ನೈನಿಂದ ಕುಲದೇವತೆಯ ಗುಡಿಗೆಂದು ತಿರುವಣ್ಣಾಮಲೆ ಜಿಲ್ಲೆಗೆ ಹೋಗಿದ್ದ ಕುಟುಂಬವೊಂದು ದಾರಿ ಕೇಳಲು ಕಾರು ನಿಲ್ಲಿಸಿ, ಮಕ್ಕಳಿಗೆ ಚಾಕಲೇಟು ಕೊಟ್ಟಿತು. ಮಕ್ಕಳ ಕಳ್ಳರೆಂದು ಗುಂಪು ಕೂಡಿತು. ವೃದ್ಧೆಯೊಬ್ಬಳು ಹೊಡೆತಕ್ಕೆ ಸತ್ತಳು. ಎರಡೇ ತಿಂಗಳಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅದೇ ನಡೆಯಿತು: ಹೈದರಾಬಾದಿನಿಂದ ಬಂದ ಗೆಳೆಯರು, ಮಕ್ಕಳಿಗೆ ಚಾಕಲೇಟು, ವಾಟ್ಸ್‌ಆ್ಯಪ್ ಸುದ್ದಿ, ಒಬ್ಬ ತರುಣನ ಸಾವು. ಆ ಎರಡೂ ಗುಂಪುಗಳಲ್ಲಿ ‘ಇವರು ಯಾರೋ ಗೊತ್ತಿಲ್ಲ, ವಿಚಾರಿಸೋಣ’ ಎಂಬ ಮಾತು ಗೆಲ್ಲಲಿಲ್ಲ. ಗೆದ್ದದ್ದು ವಿವರಣೆ.

ಹೊರನಾಡಿನಲ್ಲಿರುವ ನಾವು ಇದನ್ನು ಇತರರಿಗಿಂತ ಬೇಗ ಅರಿಯಬೇಕು. ಅನ್ಯಭಾಷೆಯ ಊರಿನಲ್ಲಿ ಬೇರೆ ಉಚ್ಚಾರದಲ್ಲಿ ದಾರಿ ಕೇಳುವವರು ನಾವು. 2016ರ ಸೆಪ್ಟೆಂಬರ್ 12ರಂದು, ಕಾವೇರಿಯ ಹೆಸರಿನಲ್ಲಿ, ಮೈಲಾಪುರದಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬು ಬಿತ್ತು; ಅದೇ ದಿನ ಬೆಂಗಳೂರಿನಲ್ಲಿ ತಮಿಳರ ಸಂಸ್ಥೆಯೊಂದರ ಹತ್ತಾರು ಬಸ್ಸುಗಳು ಉರಿದವು. ನದಿಯಲ್ಲಿ ನೀರು ಏಕೆ ಕಡಿಮೆಯಾಯಿತೆಂಬ ಕಠಿಣ ಪ್ರಶ್ನೆಗೆ ಎರಡೂ ಊರುಗಳಲ್ಲಿ ಕೆಲವರಿಗೆ ಸುಲಭದ ಉತ್ತರ ಸಿಕ್ಕಿತ್ತು: ಪಕ್ಕದ ಆಸನದಲ್ಲಿ ಕುಳಿತ ಪರಕೀಯ.

ಇಲ್ಲಿ ಒಂದು ಗಂಭೀರ ಆಕ್ಷೇಪವನ್ನು ಬದಿಗೆ ಸರಿಸಲಾರೆ. ಇಂಗ್ಲೆಂಡಿನ ಮಾತು ಬೇರೆ. ವಾಮಾಚಾರದ ವಿರುದ್ಧ 2017ರಲ್ಲಿ ಕಾಯ್ದೆಯನ್ನೇ ಮಾಡಬೇಕಾಗಿ ಬಂದ ಕರ್ನಾಟಕದಂಥ ನಾಡಿನಲ್ಲಿ, ವಿವರಣೆಯಿಲ್ಲದ ದೆವ್ವವನ್ನು ತೆರೆಯ ಮೇಲೆ ಬಿಟ್ಟರೆ ಅದು ಮನೆಯೊಳಗೆ ಬಂದು ಕೂರುವುದಿಲ್ಲವೆ? ಇಲ್ಲಿನ ತಮಿಳು ಕಿರುತೆರೆ ಈ ಅಂಜಿಕೆಗೆ ತನ್ನದೇ ಉತ್ತರ ಕೊಟ್ಟಿತ್ತು. 1990ರ ದಶಕದ ಕೊನೆಯಲ್ಲಿ ಮನೆಮನೆಯನ್ನು ನಡುಗಿಸಿದ ‘ಮರ್ಮದೇಶಂ’ ಸರಣಿಯ ‘ವಿಡಾದು ಕರುಪ್ಪು’ ಕಥೆಯಲ್ಲಿ, ತಪ್ಪಿತಸ್ಥರನ್ನು ದಂಡಿಸುವ ಊರದೇವರ ರಹಸ್ಯ ಕೊನೆಗೆ ಒಡೆದ ಮನಸ್ಸೊಂದರ ಕಾಯಿಲೆಯಾಗಿ ಬಯಲಾಗುತ್ತದೆ. ಒಳ್ಳೆಯ ಧಾರಾವಾಹಿ, ಒಳ್ಳೆಯ ಉದ್ದೇಶ. ಆದರೆ ಕೊನೆಯ ಕಂತಿನ ಮನೋವೈದ್ಯನ ಮಾತಿನಿಂದ ಯಾರೂ ಕರುಪ್ಪನಿಗೆ ಕೈಮುಗಿಯುವುದನ್ನು ಬಿಟ್ಟಂತಿಲ್ಲ. ತಯಾರಾಗಿ ಬಂದ ವಿವರಣೆ ನೋಡುಗನನ್ನು ವಿಚಾರವಂತನನ್ನಾಗಿ ಮಾಡುವುದಿಲ್ಲ. ಪೂಜಾರಿಯ ಜಾಗದಲ್ಲಿ ವೈದ್ಯನನ್ನು ಕೂರಿಸಿ, ಕೇಳುವವನ ತಲೆಯನ್ನು ಮೊದಲಿನಷ್ಟೇ ಬಾಗಿಸುತ್ತದೆ. ತಿಳಿಯದುದರ ಎದುರು ಬೆದರದೆ, ಸುಳ್ಳು ಹೆಸರಿಡದೆ ಒಂದು ಗಂಟೆ ಕೂರುವ ಅಭ್ಯಾಸ ಅದರಿಂದ ಬರುವುದಿಲ್ಲ.

ಆ ಅಭ್ಯಾಸ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು. ವಿಜ್ಞಾನಿ, ರೈತ, ಮಂದಣ್ಣ, ಎಲ್ಲರೂ ಕಾಡು ಅಲೆದು ಹುಡುಕಿದ ಹಾರುವ ಓತಿ ಕೊನೆಗೆ ಕಂಡೂ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಅದನ್ನು ಹಿಡಿದು ಗಾಜಿನ ಜಾಡಿಯಲ್ಲಿ ಹಾಕಬೇಕಿತ್ತೆಂದು ನಮ್ಮಲ್ಲಿ ಯಾರೂ ಜಗಳವಾಡಲಿಲ್ಲ. ಆ ಕಾದಂಬರಿಯನ್ನು ಓದಿ ಬೆಳೆದವರು, ಮುದುಕಿ ಏನು ಹೇಳಿದಳೆಂಬುದು ತಿಳಿಯದೆ ಕಂತು ಮುಗಿದರೆ ಮೋಸವಾಯಿತೆಂದು ಏಕೆ ಕೂಗಬೇಕು?

ನಮ್ಮ ಮನೆಯ ಹುಡುಗ ಹುಡುಗಿಯರು ಇಂಥ ಕಂತು ನೋಡಿ ಎದ್ದು ಬಂದು, ಅವಳು ಏನು ಹೇಳಿದಳು ಎಂದು ಕೇಳಿದಾಗ ಮೊಬೈಲಿನಲ್ಲಿ ಯಾರೋ ಹೆಣೆದ ಉತ್ತರ ಹುಡುಕಿ ಕೊಡಬೇಡಿ. ಯಾವ ಮಾತು ಕೇಳಿದರೆ ತಾಯಿಯೂ ಮಗಳನ್ನು ಬಿಟ್ಟು ಓಡಿಯಾಳು ಎಂದು ಅವರನ್ನೇ ಕೇಳಿ. ಮಾತು ಅಲ್ಲಿಂದ ಅನುಮಾನಕ್ಕೆ, ವದಂತಿಗೆ, ಮುರ್ಕಿಗೆ ತಾನಾಗಿಯೇ ಹೋಗುತ್ತದೆ. ಉತ್ತರ ಸಿಗದೆ ಊಟಕ್ಕೆ ಏಳಬೇಕಾದರೆ ಏಳಲಿ. ಪ್ರಶ್ನೆ ನಾಳೆಯೂ ಅಲ್ಲಿಯೇ ಇರುತ್ತದೆ.