ವಿನಾಯಿತಿಗೆ ಅವಧಿ ಬೇಡವೇ?

ವಿದ್ಯುನ್ಮಾನ ಉಪಕರಣಗಳಲ್ಲಿ ವಿಷವಸ್ತುಗಳ ಬಳಕೆಯನ್ನು ಕಟ್ಟುಪಡಿಸುವ ವಿಧಿಗಳು ನಮ್ಮ ದೇಶದಲ್ಲಿ 2014ನೆಯ ಇಸವಿಯ ಮೇ 1ರಿಂದ ಜಾರಿಗೆ ಬಂದುವು. ಸೀಸ, ಪಾದರಸ, ಷಡ್ವೇಲೆನ್ಸಿ ಕ್ರೋಮಿಯಂ ಮತ್ತು ಬ್ರೋಮೀನ್ ಬೆರೆತ ಎರಡು ವರ್ಗದ ಅಗ್ನಿನಿರೋಧಕಗಳು ಉಪಕರಣದ ಯಾವ ಏಕರೂಪ ವಸ್ತುವಿನಲ್ಲಿಯೂ ತೂಕಕ್ಕೆ ಶೇಕಡ 0.1ನ್ನು ಮೀರಕೂಡದು, ಕ್ಯಾಡ್ಮಿಯಂ ಶೇಕಡ 0.01ನ್ನು ಮೀರಕೂಡದು. 2016ರ ಮತ್ತು 2022ರ ನಿಯಮಗಳೂ ಈ ಮಿತಿಯನ್ನೇ ಉಳಿಸಿಕೊಂಡಿವೆ. ಶ್ಲಾಘ್ಯವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಿಯಮವನ್ನೋದಿ ಸಂತುಷ್ಟರಾದ ವಾಚಕರು ಅದರ ಎರಡನೆಯ ಅನುಸೂಚಿಯನ್ನೂ ಒಮ್ಮೆ ಅವಲೋಕಿಸಬೇಕೆಂದು ನಮ್ಮ ಬಿನ್ನಹ. ಅಲ್ಲಿ ತಾಮ್ರದ ಮಿಶ್ರಲೋಹಕ್ಕೆ ಶೇಕಡ 4ರವರೆಗೆ ಸೀಸವುಂಟು. ಹೆಚ್ಚು ಕಾವಿಗೆ ಕರಗುವ ಬೆಸುಗೆಗಾದರೋ ಶೇಕಡ 85 ಮತ್ತು ಅದಕ್ಕೂ ಮೇಲೆ! ಮುಂಬಾಗಿಲಲ್ಲಿ ತಡೆದವನಿಗೆ ಹಿತ್ತಿಲ ಅಗುಳಿಯನ್ನು ತೆಗೆದಿಟ್ಟಂತಾಯಿತು.

ವಿನಾಯಿತಿಯೇ ಕೂಡದೆಂದು ನಾವು ಹೇಳುವವರಲ್ಲ. ತವರ ಮತ್ತು ಸೀಸಗಳ ಹಳೆಯ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ ಕಾವಿಗೆ ಕರಗುತ್ತಿತ್ತು. ಅದರ ಸ್ಥಾನಕ್ಕೆ ಬಂದ ತವರ, ಬೆಳ್ಳಿ, ತಾಮ್ರಗಳ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಚಿಪ್ಪಿನ ಒಳಗಡೆ ಮೊದಲೇ ಹಾಕಿದ ಬೆಸುಗೆಯು ಹೊರಗಿನ ಬೆಸುಗೆಯ ಕಾವಿಗೆ ಕರಗಿಹೋಗದಿರಬೇಕಾದರೆ ಅದು ಇನ್ನೂ ಹೆಚ್ಚಿನ ಕಾವನ್ನು ತಡೆಯತಕ್ಕದ್ದು. ಸೀಸ ತುಂಬಿದ ಬೆಸುಗೆ ಆ ಕೆಲಸವನ್ನು ಮಾಡುತ್ತದೆ. ಶುದ್ಧ ತವರದ ಲೇಪದಿಂದ ಕೂದಲೆಳೆಯಂಥ ತಂತುಗಳು ತಾವಾಗಿ ಬೆಳೆದು ವಿದ್ಯುನ್ಮಾರ್ಗವನ್ನು ಕೆಡಿಸುವುದೂ ಕಟ್ಟುಕತೆಯಲ್ಲ. ಇಂಥ ಕಷ್ಟವು ನಿಜವಾಗಿರುವಲ್ಲಿ ಕಾಲಾವಕಾಶ ಕೊಡುವುದು ನ್ಯಾಯವೇ. ಕಷ್ಟವು ಇನ್ನೂ ಇದೆಯೇ ಎಂದು ಕೇಳುವವರು ಯಾರೆಂಬುದು ಪ್ರಶ್ನೆ.

ನಮ್ಮ ಅನುಸೂಚಿಯು ಬಹುಮಟ್ಟಿಗೆ ಐರೋಪ್ಯ ಒಕ್ಕೂಟದ ಪಟ್ಟಿಯ ಜಾಡಿನಲ್ಲಿಯೇ ನಡೆದಿದೆ. ಅವರ ಪಟ್ಟಿಯನ್ನು ತಂದೆವು. ಅವರ ಜಗಳವನ್ನೂ ತಂದಿದ್ದರೆ ಚೆನ್ನಾಗಿತ್ತು. ಅಗ್ನಿನಿರೋಧಕವೊಂದಕ್ಕೆ ಐರೋಪ್ಯ ಆಯೋಗವು 2005ರಲ್ಲಿ ವಿನಾಯಿತಿ ಕೊಟ್ಟಾಗ ಅಲ್ಲಿನ ಪಾರ್ಲಿಮೆಂಟೂ ಡೆನ್ಮಾರ್ಕ್ ಸರ್ಕಾರವೂ ನ್ಯಾಯಾಲಯದ ಮೆಟ್ಟಿಲೇರಿದುವು. 2008ನೆಯ ಏಪ್ರಿಲ್ 1ರಂದು ಆ ವಿನಾಯಿತಿಯು ರದ್ದಾಯಿತು. 2011ರ ಅವರ ಶಾಸನದಂತೆ ಸಾಮಾನ್ಯ ಸಲಕರಣೆಗಳ ವಿನಾಯಿತಿಗೆ ಹೆಚ್ಚೆಂದರೆ ಐದು ವರ್ಷಗಳ ಆಯುಸ್ಸು. ಬೇಕೆಂದವನು ಅವಧಿ ಮುಗಿಯುವ ಹದಿನೆಂಟು ತಿಂಗಳ ಮೊದಲೇ ಸಕಾರಣವಾಗಿ ಅರ್ಜಿ ಹಾಕಬೇಕು. ಅಲ್ಲಿಯೂ ಎಲ್ಲವೂ ನೆಟ್ಟಗಿಲ್ಲ. ಅರ್ಜಿ ತೀರ್ಮಾನವಾಗುವವರೆಗೆ ಹಳೆಯ ವಿನಾಯಿತಿಯೇ ನಡೆಯುವುದರಿಂದ, 2021ನೆಯ ಜುಲೈ 21ಕ್ಕೆ ಮುಗಿಯಬೇಕಾಗಿದ್ದ ಮೇಲ್ಕಂಡ ಬೆಸುಗೆಯ ವಿನಾಯಿತಿ ಆ ಬಳಿಕವೂ ವರ್ಷಗಟ್ಟಲೆ ಬದುಕಿತು. ಕಚೇರಿಯ ವಿಳಂಬದಿಂದ ಅರ್ಜಿದಾರನಿಗೆ ಲಾಭವಾಗುವುದನ್ನು ಕಾಣಲು ನಮ್ಮವರು ಯೂರೋಪಿಗೆ ಹೋಗಬೇಕಾದುದಿಲ್ಲವಷ್ಟೆ! ಆದರೂ ಅಂತ್ಯವೆಂಬುದು ಸಾಧ್ಯವೆಂಬುದಕ್ಕೆ ಪಾದರಸದ ದೀಪಗಳೇ ಸಾಕ್ಷಿ. ಎಲ್‌ಇಡಿ ದೀಪಗಳು ಕೈಗೆಟುಕಿದ ಮೇಲೆ, ಸಿಎಫ್‌ಎಲ್ ದೀಪಗಳಿಗಿದ್ದ ರಿಯಾಯಿತಿಯನ್ನು ಅವರು 2023ರ ಫೆಬ್ರವರಿಯಲ್ಲಿಯೂ ಸಾಮಾನ್ಯ ಟ್ಯೂಬ್‌ಲೈಟುಗಳದನ್ನು ಅದೇ ಆಗಸ್ಟಿನಲ್ಲಿಯೂ ಮುಗಿಸಿದರು.

ನಮ್ಮಲ್ಲಿ ಈ ವಿಚಾರವು ಹೆಚ್ಚು ತುರ್ತಿನದು. ಕೆಟ್ಟ ಉಪಕರಣವು ಅಲ್ಲಿ ಬಹುಪಾಲು ಯಂತ್ರಶಾಲೆಗೆ ಹೋದರೆ, ಇಲ್ಲಿ ಗುಜರಿಯವನ ಗಾಡಿ ಹತ್ತುತ್ತದೆ. ದೆಹಲಿಯ ಸೀಲಂಪುರದಲ್ಲಿ, ಮೊರಾದಾಬಾದಿನಲ್ಲಿ, ನಮ್ಮ ಬೆಂಗಳೂರಿನ ಗೌರಿಪಾಳ್ಯದಲ್ಲಿಯೂ ಬಡವರು ಬರಿಗೈಯಲ್ಲಿ ಅದನ್ನು ಬಿಚ್ಚಿ ಹೊಟ್ಟೆ ಹೊರೆದುಕೊಂಡಿರುವರು. ಬೆಸುಗೆಯನ್ನು ಕಾಯಿಸಿದಾಗ ಏಳುವ ಹೊಗೆಗೆ ಅನುಸೂಚಿಯ ಕ್ರಮಾಂಕ ತಿಳಿಯದು. ಸೀಸವು ಮಕ್ಕಳ ಬುದ್ಧಿಶಕ್ತಿಯನ್ನೇ ಕುಂದಿಸುವುದೆಂದೂ, ಇಷ್ಟರವರೆಗೆ ನಿರಪಾಯವೆಂಬ ಪ್ರಮಾಣವೇ ಗೊತ್ತಾಗಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ.

ಅನುಸೂಚಿಯನ್ನೋದಿದರೆ ಪ್ರಮಾಣದ ಅಂಕಿಗಳು ಸಿಗುತ್ತವೆ, ಕಾರಣಗಳು ಸಿಗುವುದಿಲ್ಲ. ಒಂದೊಂದು ವಿನಾಯಿತಿಗೂ ಕಾರಣವನ್ನು ಕಾಣಿಸಿ, ಕೊನೆಯ ದಿನವನ್ನು ನಿಗದಿಪಡಿಸಿ, ಮುಂದುವರಿಸಬೇಕೆಂದು ಬೇಡುವ ತಯಾರಕರ ಅರ್ಜಿಗಳನ್ನು ಸಾರ್ವಜನಿಕರ ಮುಂದಿಡಬೇಕೆಂದು ಕೇಂದ್ರದ ಪರಿಸರ ಸಚಿವಾಲಯದವರನ್ನು ನಾವು ಒತ್ತಾಯಿಸುತ್ತೇವೆ. ಪಾದರಸದ ಬಗೆಗಿನ ಮಿನಮಾಟಾ ಒಪ್ಪಂದವನ್ನು ಭಾರತವು 2018ರಲ್ಲಿ ಅಂಗೀಕರಿಸಿದೆಯಾದ್ದರಿಂದ, ದೀಪಗಳ ಸಾಲುಗಳಿಂದಲೇ ಈ ಕೆಲಸವನ್ನು ಆರಂಭಿಸಬಹುದು.