ಬಿ.ಪಿ. ಏರಿದ ಗರ್ಭಿಣಿಗೆ ಡಾಪ್ಲರ್ ಸಿಗಲಿ: ಕರ್ನಾಟಕದ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ



ಇಪ್ಪತ್ತು ವಾರ ಕಳೆದ ಗರ್ಭಿಣಿಯ ಬಿ.ಪಿ. 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ವೈದ್ಯರು ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ತಾಯಿ ಕಾರ್ಡಿನಲ್ಲಿ ಬರೆಯುವ ಬಿ.ಪಿ., ತೂಕ, ಹಿಮೋಗ್ಲೋಬಿನ್ ಎಲ್ಲವೂ ತಾಯಿಯ ಸ್ಥಿತಿ ತಿಳಿಸುತ್ತವೆ. ಮಾಸು ಮಗುವನ್ನು ಸಲಹುತ್ತಿದೆಯೇ ಎಂಬುದು ಅವುಗಳಿಂದ ತಿಳಿಯದು. ಹೊಕ್ಕುಳಬಳ್ಳಿಯ ಅಪಧಮನಿಯಲ್ಲಿ ರಕ್ತ ಮಗುವಿನಿಂದ ಮಾಸಿನ ಕಡೆಗೆ ಹರಿಯುತ್ತದೆ. ಮಾಸು ಚೆನ್ನಾಗಿದ್ದರೆ ಮಗುವಿನ ಎರಡು ಎದೆಬಡಿತಗಳ ನಡುವೆಯೂ ಆ ಹರಿವು ನಿಲ್ಲುವುದಿಲ್ಲ. ಮಾಸಿನ ರಕ್ತನಾಳಗಳು ಕೆಟ್ಟಂತೆಲ್ಲ ರಕ್ತದ ಹರಿವು ಅಳೆಯುವ ಡಾಪ್ಲರ್ ಸ್ಕ್ಯಾನಿನ ಪರದೆಯಲ್ಲಿ ಬಡಿತಗಳ ನಡುವಿನ ಅಲೆ ತಗ್ಗುತ್ತದೆ, ತಳದ ಗೆರೆ ಮುಟ್ಟುತ್ತದೆ, ಕೊನೆಗೆ ಗೆರೆಯ ಕೆಳಗೂ ಇಳಿಯುತ್ತದೆ. ಆಗ ರಕ್ತ ಹಿಂದಕ್ಕೆ ಹರಿಯುತ್ತಿದೆ ಎಂದರ್ಥ. ಆ ಹಂತಕ್ಕೆ ಮುಂಚೆಯೇ ಗೊತ್ತಾದರೆ ಮಗುವಿನ ಶ್ವಾಸಕೋಶ ಬಲಿಯಲು ಸ್ಟೀರಾಯ್ಡ್ ಚುಚ್ಚುಮದ್ದು ಕೊಡಬಹುದು, ನವಜಾತ ಶಿಶು ಘಟಕವಿರುವ ಆಸ್ಪತ್ರೆಗೆ ತಾಯಿಯನ್ನು ಸಾಗಿಸಬಹುದು. ಹೆರಿಗೆ ನೋವು ಶುರುವಾದ ಮೇಲೆ ಆಂಬುಲೆನ್ಸ್ ಹತ್ತಿಸುವುದಕ್ಕೂ ಇದಕ್ಕೂ ಅಜಗಜಾಂತರ.

ಹತ್ತು ಸಾವಿರಕ್ಕೂ ಹೆಚ್ಚು ಅಪಾಯದ ಗರ್ಭಿಣಿಯರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯಲ್ಲಿ ಡಾಪ್ಲರ್ ಬಳಸಿದ ಕಡೆ ಹೆರಿಗೆಯ ಆಸುಪಾಸಿನ ಶಿಶುಮರಣ ಶೇ 1.7ರಿಂದ 1.2ಕ್ಕೆ ಇಳಿದಿದೆ. ಡಾಪ್ಲರ್ ಬಂದರೆ ಸಿಸೇರಿಯನ್ ಹೆಚ್ಚುತ್ತದೆ ಎಂಬ ಆತಂಕ ಸಹಜ. ಆದರೆ ಅದೇ ವಿಮರ್ಶೆಯಲ್ಲಿ ಸಿಸೇರಿಯನ್ ಸುಮಾರು ಶೇ 10ರಷ್ಟು ಕಡಿಮೆಯಾಗಿದೆ. ಹರಿವು ಸರಿಯಿದೆ ಎಂದು ತಿಳಿದ ವೈದ್ಯರು ಧೈರ್ಯವಾಗಿ ಕಾಯಬಲ್ಲರು. ಎಲ್ಲ ಗರ್ಭಿಣಿಯರಿಗೂ ಮಾಡಿಸಿ ಎಂದು ನಾನು ಕೇಳುತ್ತಿಲ್ಲ, ಅಪಾಯವಿಲ್ಲದವರಲ್ಲಿ ಇದರಿಂದ ಲಾಭ ಕಂಡಿಲ್ಲ. ತಿಂಗಳು ತುಂಬುವ ಹೊತ್ತಿಗೆ ಬರುವ ಪ್ರಿಎಕ್ಲಾಂಪ್ಸಿಯಾದಲ್ಲಿ ಹರಿವು ಸರಿಯಿದ್ದೂ ಅಪಾಯ ಇರಬಹುದು, ಅಲ್ಲಿ ತಾಯಿಯ ಬಿ.ಪಿ. ಮತ್ತು ರಕ್ತಪರೀಕ್ಷೆಯೇ ನಿರ್ಣಾಯಕ. ಹೆಚ್ಚು ಪ್ರಯೋಜನ ಆಗುವುದು 34 ವಾರಕ್ಕಿಂತ ಮುಂಚೆ ಕಾಯಿಲೆ ಹಿಡಿದವರಿಗೆ.

ಸ್ಕ್ಯಾನ್ ಹೆಚ್ಚಿದರೆ ಭ್ರೂಣಲಿಂಗ ಪತ್ತೆಗೆ ದಾರಿಯಾದೀತು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೊಕ್ಕುಳಬಳ್ಳಿಯ ಹರಿವು ಅಳೆಯಲು ಲಿಂಗ ನೋಡಬೇಕಿಲ್ಲ. ಭ್ರೂಣಲಿಂಗ ಪತ್ತೆ ನಿಷೇಧಿಸುವ 1994ರ ಕಾಯ್ದೆಯಡಿ ನೋಂದಣಿ, ಎಫ್ ನಮೂನೆಯ ದಾಖಲೆ ಇದಕ್ಕೂ ಅನ್ವಯಿಸಲಿ. ರೇಡಿಯಾಲಜಿಸ್ಟ್ ಇಲ್ಲದ ಕಡೆ, ಕಾಯ್ದೆಯಂತೆ ಅರ್ಹರಾದ ಸ್ತ್ರೀರೋಗ ತಜ್ಞರಿಗೇ ತರಬೇತಿ ಕೊಡಿಸಿ. ಈಗಿನ ಬಹುತೇಕ ಸ್ಕ್ಯಾನ್ ಯಂತ್ರಗಳಲ್ಲಿ ಡಾಪ್ಲರ್ ಸೌಲಭ್ಯ ಇದ್ದೇ ಇರುತ್ತದೆ.

ಬಿ.ಪಿ. ಏರಿದ ಪ್ರತಿ ಗರ್ಭಿಣಿಗೂ ತಾಲ್ಲೂಕು ಆಸ್ಪತ್ರೆಯಲ್ಲೇ ಈ ಪರೀಕ್ಷೆ ಉಚಿತವಾಗಿ ಸಿಗುವಂತೆ, ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಯುವಂತೆ ಆದೇಶ ಹೊರಡಿಸಬೇಕೆಂದು ವಿನಂತಿಸುತ್ತೇನೆ.