ಕಲಿಯುವಾಗಿನ ದನಿ

ಪಿಂಕ್ ಫ್ಲಾಯ್ಡ್ ಅಂದ ಕೂಡಲೇ ಕಪ್ಪು ಹಿನ್ನೆಲೆಯ ಮೇಲೊಂದು ಗಾಜಿನ ಪಟ್ಟಕ, ಅದರಿಂದ ಹೊರಡುವ ಕಾಮನಬಿಲ್ಲು ನೆನಪಾಗುತ್ತದೆ. 1973ರ 'ದಿ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್ಮಿನ ಹೊದಿಕೆ ಅದು. ಅಮೀರಪೇಟೆಯ ಫುಟ್‌ಪಾತಿನಲ್ಲಿ ಆ ಚಿತ್ರದ ಟೀ ಶರ್ಟು ಈಗಲೂ ರಾಶಿಗಟ್ಟಲೆ ಮಾರಾಟಕ್ಕಿರುತ್ತದೆ. ಕೊಂಡವರಲ್ಲಿ ಅರ್ಧ ಜನ ಒಂದು ಹಾಡನ್ನೂ ಕೇಳಿರಲಿಕ್ಕಿಲ್ಲ. ಇರಲಿ, ಚಿತ್ರ ಚೆನ್ನಾಗಿದೆ. ಈ ಸಲ ನಾನು ಬರೆಯುತ್ತಿರುವುದು ಆ ಪಟ್ಟಕಕ್ಕಿಂತ ಮುಂಚಿನ ಪಿಂಕ್ ಫ್ಲಾಯ್ಡ್ ಬಗ್ಗೆ. ಇನ್ನೂ ಏನೂ ಆಗಿರದ, ಏನಾಗಬೇಕೆಂದು ತಮಗೇ ಗೊತ್ತಿಲ್ಲದ ಹುಡುಗರ ಬಗ್ಗೆ.

2016ರ ನವೆಂಬರಿನಲ್ಲಿ 'ದಿ ಅರ್ಲಿ ಇಯರ್ಸ್ 1965–1972' ಅಂತ ಒಂದು ದೊಡ್ಡ ಪೆಟ್ಟಿಗೆ ಬಂತು. ಒಳಗೆ 27 ಡಿಸ್ಕು, 12 ತಾಸಿಗೂ ಹೆಚ್ಚು ಹಾಡು, 15 ತಾಸಿಗೂ ಹೆಚ್ಚು ವಿಡಿಯೊ, ಜೊತೆಗೆ ಹಳೆಯ ಪೋಸ್ಟರು, ಟಿಕೇಟುಗಳ ಪ್ರತಿಗಳು. ಬೆಲೆ ಹತ್ತಾರು ಸಾವಿರ ರೂಪಾಯಿ. ಮನೆ ಸಾಲದ ಕಂತು ಕಟ್ಟುವ ನಮ್ಮಂಥವರು ನೋಡಿ ನಕ್ಕು ಮುಂದೆ ಹೋದೆವು. ಮರುವರ್ಷ ಅದರ ಏಳು ಭಾಗಗಳಲ್ಲಿ ಆರನ್ನು ಬಿಡಿಬಿಡಿಯಾಗಿ ಮಾರಿದರು. ಈಗ ಹಾಡುಗಳ ಬಹುಪಾಲು ಫೋನಿನಲ್ಲೇ ಸಿಗುತ್ತದೆ. ಮಿಯಾಪುರದಲ್ಲಿ ಮೆಟ್ರೊ ಹತ್ತಿ ಎಲ್.ಬಿ. ನಗರದಲ್ಲಿ ಇಳಿಯುವಷ್ಟರಲ್ಲಿ 1965ರ ಹಾಡುಗಳನ್ನೆಲ್ಲ ಎರಡೆರಡು ಸಲ ಕೇಳಬಹುದು. ಇರುವುದೇ ಆರು ಹಾಡು.

ಆ ಆರರಲ್ಲಿ ಒಂದು ಸ್ಲಿಮ್ ಹಾರ್ಪೊ ಎಂಬ ಅಮೆರಿಕದ ಬ್ಲೂಸ್ ಗಾಯಕನದು. ಉಳಿದವು ಹುಡುಗರು ತಾವೇ ಬರೆದುಕೊಂಡವು. ರೋಜರ್ ವಾಟರ್ಸ್, ನಿಕ್ ಮೇಸನ್, ರಿಚರ್ಡ್ ರೈಟ್ ಮೂವರೂ ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್ಕಿನಲ್ಲಿ ವಾಸ್ತುಶಿಲ್ಪ ಓದಲು ಸೇರಿದ್ದವರು. ಕೇಂಬ್ರಿಜ್‌ನಿಂದ ಬಂದ ಸಿಡ್ ಬ್ಯಾರೆಟ್ ಹಾಡು ಕಟ್ಟುತ್ತಿದ್ದ. ಬಾಬ್ ಕ್ಲೋಸ್ ಎಂಬ ಗಿಟಾರಿಸ್ಟ್ ಕೂಡ ಇದ್ದ. ಸ್ವಲ್ಪ ದಿನಕ್ಕೇ ಬಿಟ್ಟುಹೋದ. ಮುಂದೆ ರೈಟ್‌ನ ಹೆಂಡತಿಯಾದ ಜೂಲಿಯೆಟ್ ಗೇಲ್ ಒಂದು ಹಾಡಿಗೆ ದನಿ ಸೇರಿಸಿದ್ದಾಳೆ. ಕೇಳಿದರೆ ಇವರು ಮುಂದೆ ಜಗತ್ತನ್ನು ಅಲ್ಲಾಡಿಸುತ್ತಾರೆ ಅಂತ ಯಾರಿಗೂ ಅನಿಸುವುದಿಲ್ಲ. ಅಮೆರಿಕದ ಕರಿಯರ ಸಂಗೀತವನ್ನು ಇಂಗ್ಲಿಷ್ ಕಾಲೇಜು ಹುಡುಗರು ಶ್ರದ್ಧೆಯಿಂದ ನಕಲು ಮಾಡುತ್ತಿದ್ದಾರೆ, ಅಷ್ಟೇ. ಬ್ಯಾಂಡಿನ ಹೆಸರೂ ಹಾಗೇ ಬಂದದ್ದು: ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಬ್ಲೂಸ್ ಕಲಾವಿದರ ಮೊದಲ ಹೆಸರುಗಳ ಜೋಡಣೆ.

ನನಗೆ ಈ ಪೆಟ್ಟಿಗೆಯಲ್ಲಿ ಅತಿ ಇಷ್ಟವಾದದ್ದು ಇದೇ ಆರು ಹಾಡು. ವಿಮರ್ಶಕರು ಒಪ್ಪಲಿಕ್ಕಿಲ್ಲ. ಅವರು 1969ರ ಆಮ್‌ಸ್ಟರ್‌ಡ್ಯಾಮ್ ಕಛೇರಿಯನ್ನೋ, ಅದೇ ವರ್ಷ ಮನುಷ್ಯ ಚಂದ್ರನ ಮೇಲೆ ಇಳಿದ ರಾತ್ರಿ ಬಿಬಿಸಿ ಸ್ಟುಡಿಯೊದಲ್ಲಿ ಇವರು ಅಲ್ಲೇ ಹೊಸೆದು ನುಡಿಸಿದ ತುಣುಕನ್ನೋ ಹಿಡಿದು ಕೂರುತ್ತಾರೆ. ಅವೂ ಒಳ್ಳೆಯವೇ. ಪ್ರೋಗ್ರೆಸಿವ್ ರಾಕ್ ಅಂತ ನಾವು ಯಾವುದನ್ನು ಕರೆಯುತ್ತೇವೋ, ಅಂದರೆ ಮೂರು ನಿಮಿಷದ ಹಾಡಿನ ಬೇಲಿ ದಾಟಿ, ಅವಸರವಿಲ್ಲದೆ ಬೆಳೆಸುತ್ತ ಹೋಗುವ ಆ ರೀತಿ ಅಲ್ಲಿ ಚಿಗುರುವುದು ಕಾಣಿಸುತ್ತದೆ. ಆದರೆ ಆ ಚಿಗುರಿಗೂ ಹಿಂದೆ ಇದ್ದ ಬೀಜ ನೋಡುವ ಖುಷಿಯೇ ಬೇರೆ.

ಈ ಬೀಜ ಹೊರಬಂದದ್ದು ಅಭಿಮಾನಿಗಳ ಮೇಲಿನ ಪ್ರೀತಿಯಿಂದ ಮಾತ್ರ ಅಂದುಕೊಳ್ಳಬೇಡಿ. ಅದರ ಹಿಂದೆ ಒಂದು ಕಾನೂನಿದೆ. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು ಮೊದಲು 50 ವರ್ಷ ಇತ್ತು. 2011ರಲ್ಲಿ ಅದನ್ನು 70ಕ್ಕೆ ಏರಿಸಿದರು. ಆದರೆ ಆ ಹೆಚ್ಚಿನ 20 ವರ್ಷ ಸಿಗುವುದು 50 ವರ್ಷದೊಳಗೆ ಜನರ ಕೈಗೆ ಬಂದ ಮುದ್ರಣಕ್ಕೆ ಮಾತ್ರ. ಬೀರುವಿನಲ್ಲೇ ಕೊಳೆತರೆ ಹಕ್ಕು ಹೋಯಿತು, ಯಾರು ಬೇಕಾದರೂ ಅಚ್ಚು ಹಾಕಬಹುದು. ಕಂಪನಿಗಳು ಎದ್ದು ಕೂತವು. ಬಾಬ್ ಡಿಲನ್‌ನ ಹಳೆಯ ಟೇಪುಗಳನ್ನು 2012ರಲ್ಲಿ ಸುಮಾರು ನೂರು ಪ್ರತಿ ಮಾತ್ರ ಹೊರತಂದರು. ಅದರ ಹೆಸರಿನಲ್ಲೇ ಕಾಪಿರೈಟ್ ವಿಸ್ತರಣೆ ಅಂತ ಸಂಕೋಚವಿಲ್ಲದೆ ಬರೆದಿದ್ದರು! ಪಿಂಕ್ ಫ್ಲಾಯ್ಡಿನ ಆ ಆರು ಹಾಡು ಕೂಡ 2015ರ ಕೊನೆಯಲ್ಲಿ, ಗಡುವು ಮುಗಿಯುವ ಹೊತ್ತಿಗೆ, 1,050 ಪ್ರತಿಗಳಲ್ಲಿ ಸದ್ದಿಲ್ಲದೆ ಬಂದವು. ದೊಡ್ಡ ಪೆಟ್ಟಿಗೆ ಅದರ ಮರುವರ್ಷದ್ದು. ಲೆಕ್ಕಾಚಾರದಿಂದಲೇ ಆಗಲಿ, ಬೀರುವಿನ ಬಾಗಿಲು ತೆರೆಯಿತಲ್ಲ.

ತೆರೆಯಬಾರದಿತ್ತೇ ಅನಿಸುವ ಬಾಗಿಲೂ ಒಂದಿದೆ. ಸಿಡ್ ಬ್ಯಾರೆಟ್ 1967ರಲ್ಲಿ 'ವೆಜಿಟೇಬಲ್ ಮ್ಯಾನ್' ಅಂತ ಒಂದು ಹಾಡು ಬರೆದ. ಆ ವರ್ಷವೇ ಮೊದಲ ಆಲ್ಬಮ್ ಬಂದಿತ್ತು, ಹೆಸರಾಗಿತ್ತು, ಅವನ ಮನಸ್ಸು ಕೈತಪ್ಪತೊಡಗಿತ್ತು. ತಾನು ತೊಟ್ಟ ಬಟ್ಟೆಬರೆಯನ್ನು ಒಂದೊಂದಾಗಿ ವರ್ಣಿಸುತ್ತ, ತನ್ನನ್ನೇ ಹೊರಗೆ ನಿಂತು ನೋಡುವಂಥ ಹಾಡು. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಬ್ಯಾಂಡಿನವರು ಅದನ್ನು ಹೊರಗೆ ಬಿಡಲಿಲ್ಲ. 1968ರಲ್ಲಿ ಸಿಡ್ ಬ್ಯಾಂಡಿನಿಂದ ಹೊರಗಾದ, ಡೇವಿಡ್ ಗಿಲ್ಮೋರ್ ಆ ಜಾಗ ತುಂಬಿದ. ಮುಂದೆ ಕೇಂಬ್ರಿಜ್‌ಗೆ ಮರಳಿ, ಜನರ ಕಣ್ಣಿಗೆ ಬೀಳದಂತೆ ಬದುಕಿ, 2006ರಲ್ಲಿ ತೀರಿಕೊಂಡ. ಹಾಡು ಹತ್ತು ವರ್ಷದ ನಂತರ ಈ ಪೆಟ್ಟಿಗೆಯಲ್ಲಿ ಅಧಿಕೃತವಾಗಿ ಬಂತು. ಅಷ್ಟರಲ್ಲಿ ಕಳ್ಳ ಪ್ರತಿಗಳು ದಶಕಗಳಿಂದ ಕೈಯಿಂದ ಕೈಗೆ ಓಡಾಡಿದ್ದವು. ಬರೆದವನನ್ನು ಕೇಳುವಂತಿರಲಿಲ್ಲ. ಕಳ್ಳ ಪ್ರತಿಯಲ್ಲಿ ಗೊರಗೊರ ಸದ್ದಿನ ನಡುವೆ ಕೇಳುವುದಕ್ಕಿಂತ, ಅದರ ಹಿಂದುಮುಂದಿನ ಹಾಡುಗಳ ಜೊತೆ ಇಟ್ಟು ಸ್ಪಷ್ಟವಾಗಿ ಕೇಳಿಸಿದ್ದೇ ಅವನಿಗೆ ಕೊಟ್ಟ ಮರ್ಯಾದೆ ಅಂತ ನನಗೆ ಅನಿಸುತ್ತದೆ. ಆದರೂ ಆ ಹಾಡನ್ನು ನಾನು ಎರಡನೇ ಸಲ ಹಚ್ಚಲಿಲ್ಲ.

ಇದೇ ಪ್ರಶ್ನೆ ನಮ್ಮ ಮನೆಯಲ್ಲೂ ಇದೆ. ನನ್ನ ದೊಡ್ಡಪ್ಪನ ಮಗ ಎಂಬತ್ತರ ದಶಕದಲ್ಲಿ ಎಂಜಿನಿಯರಿಂಗ್ ಓದುವಾಗ ನಾಲ್ವರು ಗೆಳೆಯರ ಜೊತೆ ಒಂದು ಬ್ಯಾಂಡ್ ಕಟ್ಟಿದ್ದ. ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿದ ಒಂದು ಕ್ಯಾಸೆಟ್ ಉಳಿದಿದೆ. ಮೊದಲ ಹನ್ನೊಂದು ನಿಮಿಷ ಇವರ ಇಂಗ್ಲಿಷ್ ಹಾಡು, ನಡುವೆ ಯಾರೋ ತಟ್ಟೆ ಬೀಳಿಸಿದ ಸದ್ದು. ಆಮೇಲೆ ಇದ್ದಕ್ಕಿದ್ದಂತೆ ಮುಂಜಿವೆಯ ಮಂತ್ರ! ಮನೆಯವರು ಖಾಲಿ ಕ್ಯಾಸೆಟ್ ಅಂದುಕೊಂಡು ಮೇಲೆ ಮುದ್ರಿಸಿಬಿಟ್ಟಿದ್ದಾರೆ. ಅಣ್ಣ ಈಗ ಕೂಕಟಪಲ್ಲಿಯಲ್ಲಿದ್ದಾನೆ, ನಿವೃತ್ತಿ ಹತ್ತಿರ ಬಂದಿದೆ. ಡಿಜಿಟಲ್ ಮಾಡಿಸೋಣ ಅಂದರೆ, "ಬ್ಯಾಡ ಬಿಡೋ ತಮ್ಮಾ, ಅದರಾಗೇನೈತಿ? ಶ್ರುತಿ ಇಲ್ಲ, ತಾಳ ಇಲ್ಲ. ಮಂದಿ ನಗ್ತಾರ" ಅನ್ನುತ್ತಾನೆ. ಎಸೆಯೋಣ ಅಂದರೆ ಅದಕ್ಕೂ ಒಪ್ಪುವುದಿಲ್ಲ. ಇಟ್ಟುಕೊಂಡಿದ್ದಾನೆ.

ಮೇಲೆ ಮುದ್ರಿಸಿ ಅಳಿಸುವುದರಲ್ಲಿ ನಮ್ಮ ಮನೆಯವರೊಬ್ಬರೇ ಅಲ್ಲ. ಸ್ವತಃ ಬಿಬಿಸಿ ಅರವತ್ತರ ದಶಕದಲ್ಲಿ ಎಷ್ಟೋ ಟಿವಿ ಕಾರ್ಯಕ್ರಮಗಳ ಟೇಪನ್ನು ಅಳಿಸಿ ಮತ್ತೆ ಬಳಸಿತು. ಪಿಂಕ್ ಫ್ಲಾಯ್ಡ್ 1967ರ ಜುಲೈನಲ್ಲಿ 'ಟಾಪ್ ಆಫ್ ದ ಪಾಪ್ಸ್' ಕಾರ್ಯಕ್ರಮಕ್ಕೆ ಬಂದದ್ದೂ ಹಾಗೇ ಹೋಗಿತ್ತು. ಯಾರೋ ಪುಣ್ಯಾತ್ಮ ಮನೆಯಲ್ಲಿ ಮುದ್ರಿಸಿಕೊಂಡಿದ್ದ ಹಾಳುಬಿದ್ದ ಟೇಪು ದಶಕಗಳ ನಂತರ ಸಿಕ್ಕು, ಅದರಲ್ಲಿ ಉಳಿದ ಅಷ್ಟು ತುಣುಕು ಪೆಟ್ಟಿಗೆ ಸೇರಿತು. ದೊಡ್ಡ ಸಂಸ್ಥೆ ಕಳೆದದ್ದನ್ನು ಒಂದು ಮನೆ ಕಾಪಾಡಿತ್ತು.

ನಮ್ಮ ರಾಕ್ ಬ್ಯಾಂಡುಗಳಿಗೆ ಇಂಥ ಪೆಟ್ಟಿಗೆ ಕಟ್ಟುವುದು ಸುಲಭವಲ್ಲ. ಎಪ್ಪತ್ತರ ದಶಕದ ಬೆಂಗಳೂರಿನಲ್ಲಿ ಹ್ಯೂಮನ್ ಬಾಂಡೇಜ್ ಎಂಬ ಬ್ಯಾಂಡ್ ದೊಡ್ಡ ಹೆಸರು ಮಾಡಿತ್ತು. ಆಗ ಕೇಳಿದವರು ಇವತ್ತಿಗೂ ಕಣ್ಣರಳಿಸಿ ಹೇಳುತ್ತಾರೆ. ಆದರೆ ಆ ಕಾಲದಲ್ಲಿ ಬ್ಯಾಂಡುಗಳಿಗೆ ಸ್ಟುಡಿಯೊ ಕೈಗೆಟುಕುತ್ತಿರಲಿಲ್ಲ. ದೇಶದ ಹಲವು ಬ್ಯಾಂಡುಗಳು ತಟ್ಟೆಯಲ್ಲಿ ಉಳಿದದ್ದು ಸಿಮ್ಲಾ ಎಂಬ ಸಿಗರೇಟಿನ ಪ್ರಚಾರಕ್ಕೆ ನಡೆದ ಸ್ಪರ್ಧೆಯಿಂದ. 1970 ಮತ್ತು 1971ರ ಆ ಎರಡು 'ಸಿಮ್ಲಾ ಬೀಟ್' ಎಲ್‌ಪಿಗಳನ್ನು ಆಮೇಲೆ ಮರುಮುದ್ರಿಸಿದವರು ಹೊರದೇಶದವರು. 1996ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡಿನ ಹೊತ್ತಿಗೆ ಕಾಲ ಬದಲಾಗಿತ್ತು. (ಮೂವರು ಮಲಯಾಳಿಗಳು, ಇನ್ನೊಬ್ಬ ಕಾಲು ಭಾಗ ಮಲಯಾಳಿ, ಹೆಸರು ಬಂದದ್ದು ಹಾಗೆ.) 2008ರಲ್ಲಿ ಇಡೀ ಆಲ್ಬಮ್ಮನ್ನು ಪುಕ್ಕಟೆಯಾಗಿ ಡೌನ್‌ಲೋಡಿಗೆ ಬಿಟ್ಟರು. 2012ರಲ್ಲಿ ಮೂರು ಡಿಸ್ಕಿನ ಆಲ್ಬಮ್ಮನ್ನೇ ತಂದರು. ಅದು ಹಳೆಯದರ ಸಂಗ್ರಹವಲ್ಲ, ಎಲ್ಲ ಹೊಸದು.

ನನ್ನನ್ನು ಕೇಳಿದರೆ, ಕನ್ನಡ ನಾಡಿನಲ್ಲಿ ಇಂಥ ಪೆಟ್ಟಿಗೆಗೆ ಎಲ್ಲರಿಗಿಂತ ಮೊದಲು ಯೋಗ್ಯರು ರಾಕ್‌ನವರಲ್ಲ, ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು. ನಮಗೆ ಗೊತ್ತಿರುವುದು ಎಪ್ಪತ್ತು ದಾಟಿದ ಮನ್ಸೂರರು: ಅಪರೂಪದ ಜೋಡು ರಾಗಗಳು, ಉಸಿರು ಬಿಡಲು ಪುರುಸೊತ್ತಿಲ್ಲದಂತೆ ಹೆಣೆದುಕೊಂಡು ಹೋಗುವ ಜೈಪುರ-ಅತ್ರೌಲಿ ಘರಾಣೆಯ ಗಾಯನ. ಆದರೆ ಅವರು ಅದಕ್ಕೂ ಮುಂಚೆ ಕಲಿತದ್ದು ಮಿರಜಿನ ನೀಲಕಂಠಬುವಾ ಅಲೂರಮಠರಲ್ಲಿ, ಗ್ವಾಲಿಯರ್ ಪದ್ಧತಿ. ಮೂವತ್ತರ ದಶಕದಲ್ಲಿ ಎಚ್‌ಎಂವಿಗೆ ತಟ್ಟೆ ಹಾಡತೊಡಗಿದಾಗ ಅವರಿನ್ನೂ ಮಂಜಿಖಾನರ ಶಿಷ್ಯರಾಗಿರಲಿಲ್ಲ. ಮಂಜಿಖಾನರ ಬಳಿ ಕಲಿಕೆ ಸುಮಾರು ಒಂದೂವರೆ ವರ್ಷ. 1937ರಲ್ಲಿ ಗುರು ತೀರಿಕೊಂಡರು. ಮುಂದೆ ಅವರ ತಮ್ಮ ಬುರ್ಜಿಖಾನರ ಬಳಿ ಕಲಿಕೆ ಸಾಗಿತು. ಅಂದರೆ ಹೆಸರು, ತಟ್ಟೆ, ಕೈತುಂಬ ಕಛೇರಿ ಎಲ್ಲ ಇದ್ದ ಗಾಯಕ ಮತ್ತೆ ಶಿಷ್ಯನಾಗಿ ಕೂತದ್ದು ಆ ವರ್ಷಗಳಲ್ಲಿ.

ಆ ತಿರುವು ಪುಸ್ತಕದಲ್ಲಿದೆ. ಅವರ 'ನನ್ನ ರಸಯಾತ್ರೆ' ಓದಿದವರಿಗೆ ಗೊತ್ತು. ಆದರೆ ಕಿವಿಯಿಂದ ತಿಳಿಯಬೇಕಾದರೆ 78 ಆರ್‌ಪಿಎಂ ತಟ್ಟೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಕೇಳಬೇಕು. ಒಂದು ಬದಿಗೆ ಮೂರೂ ಚಿಲ್ಲರೆ ನಿಮಿಷ. ಅಷ್ಟರಲ್ಲೇ ಆಲಾಪ, ಬಂದಿಶ್, ತಾನು ಎಲ್ಲ ಮುಗಿಯಬೇಕು. ಓಡುವ ಎಳೆಯ ದನಿ. ನಾನು ಕೇಳಿದ್ದು ಬಿಡಿಬಿಡಿಯಾಗಿ, ಸಂಗ್ರಾಹಕರು ಇಂಟರ್‌ನೆಟ್ಟಿಗೆ ಏರಿಸಿದ ಕಡತಗಳಲ್ಲಿ. ಹಲವಕ್ಕೆ ವರ್ಷವೇ ಹಾಕಿರುವುದಿಲ್ಲ. ವರ್ಷ ಇಲ್ಲದಿದ್ದರೆ ಅದು ಬರೀ ಹಳೆಯ ಹಾಡು. ವರ್ಷ ಇದ್ದರೆ, ಇದು ಮಂಜಿಖಾನರಿಗಿಂತ ಮೊದಲಿನದು, ಇದು ಆಮೇಲಿನದು ಅಂತ ಹೇಳಬಹುದು. ಆಗ ಕೇಳುವುದೇ ಬೇರೆ ಥರ. ಪಿಂಕ್ ಫ್ಲಾಯ್ಡ್ ಪೆಟ್ಟಿಗೆಯ ನಿಜವಾದ ಬೆಲೆ ಇರುವುದು ಇದರಲ್ಲಿ. ಬಹುಮಟ್ಟಿಗೆ ಕಾಲಾನುಕ್ರಮದಲ್ಲಿ ಭಾಗ ಮಾಡಿ ಜೋಡಿಸಿಟ್ಟಿದ್ದಾರೆ.

ಹಕ್ಕಿನ ತೊಡಕೂ ಇಲ್ಲಿ ಕಡಿಮೆ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ ಎಣಿಸಿ 60 ವರ್ಷ. ಮೂವತ್ತು, ನಲವತ್ತರ ದಶಕದ ತಟ್ಟೆಗಳ ಆ ಹಕ್ಕು ಎಂದೋ ಮುಗಿದಿದೆ. ಇಪ್ಪತ್ತರ ಹರೆಯದ ಭೀಮಸೇನ ಜೋಶಿ ಕನ್ನಡ, ಹಿಂದಿ ಭಕ್ತಿಗೀತೆ ಹಾಡಿದ ತಟ್ಟೆಗಳೂ ಆ ಲೆಕ್ಕಕ್ಕೆ ಬರುತ್ತವೆ. ಬೆಂಗಳೂರಿನ ವಿಕ್ರಮ್ ಸಂಪತ್ ಆರಂಭಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇಂಥ ಹಳೆಯ ತಟ್ಟೆಗಳನ್ನು ಡಿಜಿಟಲ್ ಮಾಡಿ ಪುಕ್ಕಟೆ ಕೇಳಲು ಇಟ್ಟಿತು, ಒಳ್ಳೆಯ ಕೆಲಸ. ಆದರೆ ಯುರೋಪಿನ ಕಂಪನಿಗಳನ್ನು ಗಡುವು ಹಿಂದಿನಿಂದ ದೂಡಿತು. ನಮ್ಮಲ್ಲಿ ಯಾರನ್ನೂ ಯಾವ ಗಡುವೂ ದೂಡುವುದಿಲ್ಲ. ದೂಡುವುದು ಗೆದ್ದಲು, ತೇವ, ಮನೆ ಬದಲಿಸುವಾಗ "ಈ ಕಸ ಯಾಕೆ" ಅನ್ನುವ ಮಾತು.

ಈ ಊರಿನ ಕನ್ನಡಿಗರಿಗೆ ಈ ಮಾತು ಹೆಚ್ಚು ತಾಗಬೇಕು. ನಾವೆಲ್ಲ ಮೂರು-ನಾಲ್ಕು ಸಲ ಬಾಡಿಗೆ ಮನೆ ಬದಲಿಸಿದವರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ವೇದಿಕೆಯ ಮೇಲೆ ಹಾಡಿದವರು, ನಾಟಕ ಆಡಿದವರು, ನೃಪತುಂಗ ಶಾಲೆಯಲ್ಲಿ ಓದಿ ಗ್ಯಾದರಿಂಗಿಗೆ ಭಾವಗೀತೆ ಹೇಳಿದವರು ಎಷ್ಟು ಜನ! ಯಾರದೋ ಮನೆಯ ಅಟ್ಟದ ಮೇಲೆ ಒಂದು ಕ್ಯಾಸೆಟ್ ಇದ್ದೇ ಇರುತ್ತದೆ. ಶ್ರುತಿ ಇಲ್ಲದ್ದು, ತಟ್ಟೆ ಬಿದ್ದ ಸದ್ದು ಇರುವಂಥದ್ದು.

ಸಿಕ್ಕರೆ ಮೊದಲು ಹಚ್ಚಲು ಹೋಗಬೇಡಿ. ಕಿಟಕಿಯಲ್ಲಿ ಟೇಪಿನ ಅಂಚು ನೋಡಿ. ಬೂದು-ಬಿಳಿ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕದೆ ಗೊತ್ತಿದ್ದವರ ಕೈಗೆ ಕೊಡಿ, ಇಲ್ಲದಿದ್ದರೆ ಆ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಸ್ವಚ್ಛ ಇದ್ದರೆ ಪ್ಲೇಯರಿನ ಹೆಡ್ಡು ಒರೆಸಿ, ಒಂದು ಸಲ ಪೂರ್ತಿ ಮುಂದೆ, ಒಂದು ಸಲ ಪೂರ್ತಿ ಹಿಂದೆ ಸುತ್ತಿ, ಆಮೇಲೆ ಹಚ್ಚಿ. ಕಂಪ್ಯೂಟರಿಗೆ ಇಳಿಸುವಾಗ ಡಬ್ಲ್ಯುಎವಿ ಕಡತ ಮಾಡಿ. ಎಂಪಿ3 ಬೇಕಾದರೆ ಅದರಿಂದ ತೆಗೆಯಬಹುದು. ಸದ್ದುಗಳನ್ನು ತೊಳೆದು ಚೊಕ್ಕ ಮಾಡುವ ಸಾಹಸ ಮೂಲ ಪ್ರತಿಯ ಮೇಲೆ ಬೇಡ. ಯಾರು ಹಾಡಿದ್ದು, ಎಲ್ಲಿ, ಯಾವ ವರ್ಷ, ನೆನಪಿರುವವರು ಇರುವಾಗಲೇ ಕೇಳಿ ಬರೆದಿಡಿ. ಹಂಚುವುದು ಬಿಡುವುದು ಹಾಡಿದವರ ಇಷ್ಟ. ಅವರನ್ನು ಕೇಳದೆ ವಾಟ್ಸಾಪಿಗೆ ಹಾಕಬೇಡಿ.

ಅಣ್ಣ ಕೊನೆಗೆ ಇಷ್ಟಕ್ಕೆ ಒಪ್ಪಿದ್ದಾನೆ: ಕಡತ ಮಾಡಿ ಅವನ ಮಗಳ ಹತ್ತಿರ ಒಂದು, ನನ್ನ ಹತ್ತಿರ ಒಂದು. ಮುಂಜಿವೆ ಮಂತ್ರವನ್ನೂ ಹಾಗೇ ಇಟ್ಟಿದ್ದೇವೆ. ಕ್ಯಾಸೆಟ್ಟಿನ ಬೆನ್ನಿಗಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದಿದ್ದೇನೆ, ಇನ್ನು ಅದರ ಮೇಲೆ ಯಾರೂ ಏನೂ ಮುದ್ರಿಸಲಾರರು.